ಆಲ್ಸಿಬಿಯಾಡೀಸ್: ಕ್ರೀಡಾಕೀರ್ತಿ ಮತ್ತು ರಾಜಕಾರಣ

ಪ್ರಾಚೀನ ಗ್ರೀಸಿನ ಹೆಸರನ್ನೆತ್ತಿದೊಡನೆ ಸಾಕ್ರೆಟೀಸ್, ಪ್ಲೇಟೋ, ಪೆರಿಕ್ಲೀಸರ ನೆನಪು ವಿದ್ಯಾವಂತರೆಲ್ಲರಿಗೂ ಬರುತ್ತದೆ. ಒಲಿಂಪಿಕ್ ಕ್ರೀಡೆಗಳ ನೆನಪೂ ಅದರ ಜೊತೆಯಲ್ಲಿಯೇ ಬರುತ್ತದೆ. ಈ ಎರಡನ್ನೂ, ಎಂದರೆ ಗ್ರೀಕರ ವಿಚಾರಶೀಲತೆಯನ್ನೂ ಅವರ ಕ್ರೀಡಾಪ್ರೇಮವನ್ನೂ, ಒಂದೇ ಬಾಳಿನಲ್ಲಿ ಕಂಡು, ಎರಡರಿಂದಲೂ ಪಡೆಯಬೇಕಾದುದನ್ನು ಪಡೆಯದೆ ಹೋದ ಒಬ್ಬ ಪುರುಷನ ಚರಿತ್ರೆಯನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ. ಅವನೇ ಅಥೆನ್ಸಿನ ಆಲ್ಸಿಬಿಯಾಡೀಸ್. ರೂಪ, ಕುಲ, ಸಂಪತ್ತು, ವಾಕ್ಚಾತುರ್ಯ, ಶೌರ್ಯ ಇವೆಲ್ಲವೂ ಅವನಲ್ಲಿ ಒಟ್ಟಿಗೆ ನೆಲೆಸಿದ್ದವು. ಸಾಕ್ರೆಟೀಸನಂತಹ ಗುರುವಿನ ಸ್ನೇಹವೂ ಅವನಿಗೆ ದೊರೆತಿತ್ತು. ಆದರೂ ಅವನ ಬಾಳು ಅವನಿಗಾಗಲಿ ಅವನ ನಾಡಿಗಾಗಲಿ ಶ್ರೇಯಸ್ಸನ್ನು ತರಲಿಲ್ಲ. ಮಕ್ಕಳನ್ನು ತಿದ್ದುವ ಕಾರ್ಯದಲ್ಲಿ ತೊಡಗಿರುವವರು ಸಜ್ಜನರ ಚರಿತ್ರೆಯನ್ನು ಓದುವುದು ಎಷ್ಟು ಅಗತ್ಯವೋ ಇಂತಹ ಚರಿತ್ರೆಯನ್ನು ಓದುವುದೂ ಅಷ್ಟೇ ಅಗತ್ಯ.

ಗ್ರೀಕರ ಬಾಳಿನಲ್ಲಿ ಕ್ರೀಡೆ

ಗ್ರೀಕರಿಗೆ ಕ್ರೀಡೆಯೆಂಬುದು ಬಿಡುವಿನ ವೇಳೆಯ ವಿನೋದವಾಗಿರಲಿಲ್ಲ. ಅದು ದೇವತಾರಾಧನೆಯ ಒಂದು ಅಂಗವಾಗಿತ್ತು. ಒಲಿಂಪಿಯಾದ ಕ್ರೀಡೆಗಳು ಜ್ಯೂಸ್ ದೇವನ ಉತ್ಸವದಲ್ಲಿ ನಡೆಯುತ್ತಿದ್ದವು. ಸಂಪ್ರದಾಯದ ಪ್ರಕಾರ ಅವು ಕ್ರಿ.ಪೂ. 776ರಲ್ಲಿ ಆರಂಭವಾಗಿ ನಾಲ್ಕು ವರ್ಷಗಳಿಗೊಮ್ಮೆ ತಪ್ಪದೆ ಜರುಗುತ್ತಿದ್ದವು. ಡೆಲ್ಫಿ, ಇಸ್ತ್ಮಿಯಾ, ನೆಮಿಯಾಗಳಲ್ಲಿಯೂ ಇಂತಹವೇ ಉತ್ಸವಗಳಿದ್ದವು. ಪರಸ್ಪರ ಕಾದಾಡುತ್ತಿದ್ದ ನೂರಾರು ಸಣ್ಣ ರಾಜ್ಯಗಳ ಜನರು ತಾವೆಲ್ಲರೂ ಗ್ರೀಕರೆಂಬ ಅರಿವಿನಿಂದ ಒಂದೆಡೆ ಸೇರುತ್ತಿದ್ದುದು ಈ ಉತ್ಸವಗಳಲ್ಲಿಯೇ. ಉತ್ಸವಕ್ಕೆ ಮುನ್ನ ದೂತರು ನಾಡೆಲ್ಲ ಸಂಚರಿಸಿ ಪವಿತ್ರ ಶಾಂತಿಯನ್ನು ಸಾರುತ್ತಿದ್ದರು. ಆ ಅವಧಿಯಲ್ಲಿ ಒಲಿಂಪಿಯಾಕ್ಕೆ ಹೋಗಿಬರುವವರ ಮೈಮುಟ್ಟುವುದು ದೈವದ್ರೋಹವೆನಿಸುತ್ತಿತ್ತು.

ಒಲಿಂಪಿಯಾದಲ್ಲಿ ಗೆದ್ದವನಿಗೆ ದೊರೆಯುತ್ತಿದ್ದುದು ಕಾಡು ಆಲಿವ್ ಮರದ ಎಲೆಗಳ ಒಂದು ಕಿರೀಟ ಮಾತ್ರ. ಎರಡನೆಯವನಿಗೆ, ಮೂರನೆಯವನಿಗೆ ಏನೂ ಇಲ್ಲ. ಆದರೆ ಆ ಎಲೆಯ ಕಿರೀಟವನ್ನು ಧರಿಸಿ ಊರಿಗೆ ಮರಳಿದವನ ಭಾಗ್ಯವೇ ಬೇರೆ. ಅಥೆನ್ಸಿನ ಶಾಸನಕರ್ತನಾದ ಸೋಲನ್ ಒಲಿಂಪಿಕ್ ವಿಜೇತನಿಗೆ 500 ದ್ರಾಕ್ಮಗಳ ಬಹುಮಾನವನ್ನು ಗೊತ್ತುಪಡಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಮುಂದೆ ಅಂತಹವನಿಗೆ ನಗರದ ಸಭಾಮಂದಿರದಲ್ಲಿ ಜೀವಾವಧಿ ಸಾರ್ವಜನಿಕ ವೆಚ್ಚದ ಭೋಜನವೂ ಸಲ್ಲುತ್ತಿತ್ತು. ನಗರದ ಹೊರವಲಯದಲ್ಲಿ ಅಕಾಡೆಮಿ, ಲೈಸಿಯಂ, ಸೈನೊಸಾರ್ಜಿಸ್ ಎಂಬ ಮೂರು ವ್ಯಾಯಾಮಕ್ಷೇತ್ರಗಳಿದ್ದವು. ನಮ್ಮ ಗರಡಿಮನೆಗಳಂತೆ ಅಲ್ಲಿ ಯುವಕರು ಮೈಗೆ ಎಣ್ಣೆ ತಿಕ್ಕಿಕೊಂಡು ಕುಸ್ತಿಯಾಡುತ್ತಿದ್ದರು. ಅಲ್ಲಿಯೇ ಸಾಕ್ರೆಟೀಸನು ಅವರೊಡನೆ ಕುಳಿತು ಸತ್ಯ ಯಾವುದು, ಸದ್ಗುಣವೆಂದರೇನು ಎಂದು ವಿಚಾರಿಸುತ್ತಿದ್ದನು. ಪ್ಲೇಟೋ ತನ್ನ ಪಾಠಶಾಲೆಯನ್ನು ತೆರೆದುದು ಅಕಾಡೆಮಿಯ ಬಳಿಯಲ್ಲಿ, ಅರಿಸ್ಟಾಟಲನು ಲೈಸಿಯಮ್ಮಿನಲ್ಲಿ. ಇಂದು ಜಗತ್ತಿನ ವಿದ್ಯಾಸಂಸ್ಥೆಗಳು ಹೊತ್ತಿರುವ ಈ ಹೆಸರುಗಳು ಮೊದಲು ವ್ಯಾಯಾಮಸ್ಥಳಗಳ ಹೆಸರುಗಳಾಗಿದ್ದವು.

ಇಷ್ಟು ಗೌರವವಿದ್ದಲ್ಲಿ ರಾಜಕಾರಣವು ಕಾಲಿಡದೆ ಇರುವುದು ಸಾಧ್ಯವಿರಲಿಲ್ಲ. ಕ್ರಿ.ಪೂ. 640ರಲ್ಲಿ ಓಟದಲ್ಲಿ ಗೆದ್ದ ಸೈಲಾನ್ ಎಂಬ ಅಥೆನ್ಸಿನ ಶ್ರೀಮಂತನು ಆ ಕೀರ್ತಿಯನ್ನು ನೆಚ್ಚಿಕೊಂಡು, ಕೆಲವು ವರ್ಷಗಳ ಬಳಿಕ ನಗರದ ಕೋಟೆಯನ್ನು ಹಿಡಿದು ಸರ್ವಾಧಿಕಾರಿಯಾಗಲು ಯತ್ನಿಸಿದನು. ಅವನ ಯತ್ನವು ವಿಫಲವಾಯಿತು. ಅವನ ಅನುಯಾಯಿಗಳು ದೇವರ ಮರೆಹೊಕ್ಕಿದ್ದರೂ ಕೊಲೆಯಾದರು. ಮುಂದಿನ ಶತಮಾನದಲ್ಲಿ ದೇಶಭ್ರಷ್ಟನಾಗಿದ್ದ ಕೈಮಾನ್ ಎಂಬವನು ಒಂದೇ ಕುದುರೆಗಳ ತಂಡದಿಂದ ಮೂರು ಸಲ ಒಲಿಂಪಿಕ್ ರಥಸ್ಪರ್ಧೆಯನ್ನು ಗೆದ್ದನು. ಎರಡನೆಯ ಗೆಲುವನ್ನು ಅಥೆನ್ಸಿನ ಸರ್ವಾಧಿಕಾರಿ ಪೈಸಿಸ್ಟ್ರೇಟಸನ ಹೆಸರಿಗೆ ಬಿಟ್ಟುಕೊಟ್ಟುದರಿಂದ ಅವನಿಗೆ ಊರಿಗೆ ಮರಳುವ ಅನುಮತಿ ದೊರೆಯಿತು. ಮೂರನೆಯ ಗೆಲುವಿನ ತರುವಾಯ ಅದೇ ಸರ್ವಾಧಿಕಾರಿಯ ಮಕ್ಕಳು ಅವನನ್ನು ಕೊಲ್ಲಿಸಿದರೆಂದು ಹೆರೊಡೋಟಸ್ ಹೇಳುತ್ತಾನೆ. ಎಲೆಯ ಕಿರೀಟವು ಹಗುರವಾದುದು; ಅದರ ಹಿಂದಿನ ಅಧಿಕಾರದಾಸೆಯು ಹಗುರವಾದುದಲ್ಲ.

ಜನನ ಮತ್ತು ಬಾಲ್ಯ

ಆಲ್ಸಿಬಿಯಾಡೀಸನು ಕ್ರಿ.ಪೂ. 450ರ ಸುಮಾರಿನಲ್ಲಿ ಅಥೆನ್ಸಿನಲ್ಲಿ ಜನಿಸಿದನು. ತಂದೆ ಕ್ಲೈನಿಯಸ್, ತಾಯಿ ಡೈನೊಮಾಕಿ. ತಾಯಿಯ ಮನೆತನವಾದ ಆಲ್ಕ್‌ಮಿಯೋನಿಡರ ವಂಶವು ಅಥೆನ್ಸಿನ ಅತ್ಯಂತ ಪ್ರಸಿದ್ಧ ಕುಲಗಳಲ್ಲೊಂದು. ಮರೆಹೊಕ್ಕವರನ್ನು ಕೊಂದ ಸೈಲಾನ್ ಪ್ರಕರಣದ ಕಳಂಕವು ತಲೆಮಾರುಗಳವರೆಗೆ ಅಂಟಿಕೊಂಡಿದ್ದುದೂ ಇದೇ ವಂಶಕ್ಕೆ. ಕುದುರೆ ಸಾಕುವುದರಲ್ಲಿಯೂ ರಥಸ್ಪರ್ಧೆಗಳಲ್ಲಿಯೂ ಈ ಕುಲದ ಹೆಸರು ದೊಡ್ಡದು. ಡೈನೊಮಾಕಿಯ ತಂದೆ ಮೆಗಾಕ್ಲೀಸನು ಡೆಲ್ಫಿಯಲ್ಲಿ ರಥಸ್ಪರ್ಧೆಯನ್ನು ಗೆದ್ದು ಮಹಾಕವಿ ಪಿಂಡಾರನಿಂದ ಸ್ತುತಿಸಲ್ಪಟ್ಟವನು. ಆದರೆ ಕ್ರಿ.ಪೂ. 486ರ ಸುಮಾರಿನಲ್ಲಿ, ಆ ಗೆಲುವಿನ ಹತ್ತಿರಹತ್ತಿರದಲ್ಲಿಯೇ, ಅಥೆನ್ಸಿನ ಜನರು ಅವನನ್ನು ಬಹಿಷ್ಕರಿಸಿದರು. ಮಡಕೆಯ ಚೂರುಗಳ ಮೇಲೆ ಹೆಸರನ್ನು ಗೀಚಿ ಮತ ನೀಡುವ ಪದ್ಧತಿ ಅದು. ಉತ್ಖನನದಲ್ಲಿ ದೊರೆತಿರುವ ಚೂರುಗಳಲ್ಲಿ ಕೆಲವು ಅವನನ್ನು ಕುದುರೆ ಸಾಕುವವನೆಂದು ಹೀಗಳೆದಿವೆ. ಜನತಂತ್ರದ ನಗರವು ರಥದ ಗೆಲುವನ್ನು ಮೆಚ್ಚುತ್ತಿತ್ತು, ಅದರೊಡನೆ ಬರುವ ಅಹಂಕಾರಕ್ಕೆ ಅಂಜುತ್ತಲೂ ಇತ್ತು. ತಾತನ ಈ ಕಥೆಯು ಮೊಮ್ಮಗನಿಗೆ ಎಚ್ಚರಿಕೆಯಾಗಬೇಕಾಗಿತ್ತು.

ಕ್ರಿ.ಪೂ. 447ರಲ್ಲಿ ಕೊರೊನಿಯದ ಯುದ್ಧದಲ್ಲಿ ಕ್ಲೈನಿಯಸನು ಮಡಿದನು. ಡೈನೊಮಾಕಿಯು ಪೆರಿಕ್ಲೀಸನಿಗೆ ಸೋದರಮಾವನ ಮಗಳಾಗಿದ್ದುದರಿಂದ, ತಂದೆಯಿಲ್ಲದ ಹುಡುಗನ ಪೋಷಣೆಯ ಹೊಣೆಯು ನಗರದ ಆ ಮಹಾನಾಯಕನ ಮೇಲೆ ಬಿದ್ದಿತು. ರಾಜ್ಯಭಾರದಲ್ಲಿ ಮುಳುಗಿದ್ದ ಪೆರಿಕ್ಲೀಸನು ಹುಡುಗನನ್ನು ನೋಡಿಕೊಳ್ಳಲು ಝೊಪಿರಸ್ ಎಂಬ ಗುಲಾಮನನ್ನು ನೇಮಿಸಿದನು. ವೃದ್ಧಾಪ್ಯದಿಂದ ಬೇರೆ ಯಾವ ಕೆಲಸಕ್ಕೂ ಬಾರದವನನ್ನು ಆ ಕೆಲಸಕ್ಕೆ ಆರಿಸಲಾಯಿತೆಂದು ಪ್ಲೇಟೋವಿನ ಹೆಸರಿನಲ್ಲಿರುವ ಒಂದು ಸಂವಾದದಲ್ಲಿ ಉಲ್ಲೇಖವಿದೆ. ಮಹಾನಗರವನ್ನು ಕಟ್ಟಿದವನ ಮನೆಯಲ್ಲಿ ಒಂದು ಮಗುವನ್ನು ಕಟ್ಟುವ ಕೆಲಸವು ಎಷ್ಟು ಅಗ್ಗವಾಗಿತ್ತೆಂಬುದನ್ನು ಅಧ್ಯಾಪಕರು ಗಮನಿಸಬೇಕು.

ಬಾಲ್ಯದ ಕೆಲವು ಪ್ರಸಂಗಗಳನ್ನು ಪ್ಲೂಟಾರ್ಕನು ನಿರೂಪಿಸಿದ್ದಾನೆ. ಒಮ್ಮೆ ಕುಸ್ತಿಯಲ್ಲಿ ಸೋಲುವ ಸ್ಥಿತಿ ಬಂದಾಗ ಹುಡುಗನು ಎದುರಾಳಿಯ ಕೈಯನ್ನು ಕಚ್ಚಿಬಿಟ್ಟನು. ಹೆಂಗಸರಂತೆ ಕಚ್ಚುವೆಯಲ್ಲ ಎಂದು ಅವನು ಹಂಗಿಸಿದಾಗ, ತಾನು ಕಚ್ಚುವುದು ಸಿಂಹದಂತೆ ಎಂದು ಉತ್ತರಿಸಿದನು. ಇನ್ನೊಮ್ಮೆ ಬೀದಿಯಲ್ಲಿ ದಾಳವಾಡುತ್ತಿದ್ದಾಗ ಬಂಡಿಯೊಂದು ಬಂದಿತು. ಇವನು ಎಸೆದ ದಾಳವು ಬಂಡಿಯ ದಾರಿಯಲ್ಲಿ ಬಿದ್ದಿತ್ತು. ನಿಲ್ಲೆಂದರೂ ಬಂಡಿಯವನು ನಿಲ್ಲಿಸಲಿಲ್ಲ. ಉಳಿದ ಹುಡುಗರು ಚದುರಿದರು. ಇವನು ಮಾತ್ರ ಕುದುರೆಗಳ ಮುಂದೆ ಅಡ್ಡ ಮಲಗಿ ಬಂಡಿಯನ್ನು ನಿಲ್ಲಿಸಿದನು. ಈ ಕಥೆಗಳಲ್ಲಿ ಧೈರ್ಯವಿದೆ, ಚಾತುರ್ಯವಿದೆ. ಆದರೆ ಆಟದ ನಿಯಮಕ್ಕೆ ತಲೆಬಾಗುವ ಗುಣವು ಒಂದರಲ್ಲಿಯೂ ಇಲ್ಲ. ಸೋಲನ್ನು ಒಪ್ಪಿಕೊಳ್ಳುವುದನ್ನು ಕಲಿಸಬೇಕಾದ ಕುಸ್ತಿಯ ಕಣವೇ ಅವನಿಗೆ ಸೋಲನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ಕಲಿಸಿತು. ನೆರೆದವರು ಗದರಿಸಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೋ ಏನೋ. ಅವನ ಉತ್ತರವನ್ನು ಮಾತ್ರ ಲೋಕವು ನೆನಪಿನಲ್ಲಿಟ್ಟುಕೊಂಡಿತು.

ಗುರು ಮತ್ತು ಶಿಷ್ಯ

ಯೌವನದಲ್ಲಿ ಅವನ ಸುತ್ತಲೂ ಹೊಗಳುಭಟರ ಗುಂಪು ನೆರೆಯಿತು. ಅವನನ್ನು ಹೊಗಳದೆ ಪ್ರೀತಿಸಿದವನು ಸಾಕ್ರೆಟೀಸನೊಬ್ಬನೇ. ಕ್ರಿ.ಪೂ. 432ರಲ್ಲಿ ಪೊಟಿಡಿಯದ ಯುದ್ಧಕ್ಕೆ ಇಬ್ಬರೂ ಹೋದರು; ಒಂದೇ ಡೇರೆಯಲ್ಲಿ ತಂಗಿದ್ದರು. ಗಾಯಗೊಂಡು ಬಿದ್ದ ಆಲ್ಸಿಬಿಯಾಡೀಸನನ್ನು ಸಾಕ್ರೆಟೀಸನು ಆಯುಧಸಹಿತವಾಗಿ ಕಾಪಾಡಿದನು. ಶೌರ್ಯದ ಬಹುಮಾನವು ನ್ಯಾಯವಾಗಿ ಸಾಕ್ರೆಟೀಸನದಾಗಿದ್ದರೂ, ತರುಣನಿಗೆ ಉತ್ತೇಜನವಾಗಲೆಂದು ಅದು ಆಲ್ಸಿಬಿಯಾಡೀಸನಿಗೇ ಸಲ್ಲುವಂತೆ ಅವನು ಒತ್ತಾಯಪಡಿಸಿದನು. ಎಂಟು ವರ್ಷಗಳ ನಂತರ ಡೀಲಿಯಮ್ಮಿನ ಸೋಲಿನಲ್ಲಿ ಕಾಲ್ನಡೆಯಾಗಿ ಹಿಮ್ಮೆಟ್ಟುತ್ತಿದ್ದ ಗುರುವಿಗೆ ಕುದುರೆಯ ಮೇಲಿದ್ದ ಶಿಷ್ಯನು ರಕ್ಷಕನಾಗಿ ಜೊತೆಗೊಟ್ಟನು.

ಪ್ಲೇಟೋವಿನ ಸಿಂಪೋಸಿಯಮ್ ಎಂಬ ಸಂವಾದದಲ್ಲಿ ಆಲ್ಸಿಬಿಯಾಡೀಸನು ತಾನು ಸಾಕ್ರೆಟೀಸನೊಡನೆ ಅನೇಕ ಸಲ ಕುಸ್ತಿಯಾಡಿದುದನ್ನು ನೆನೆಯುತ್ತಾನೆ. ಲೋಕದಲ್ಲಿ ತಾನು ನಾಚುವುದು ಆ ಒಬ್ಬ ಮನುಷ್ಯನೆದುರು ಮಾತ್ರ ಎಂದು ಒಪ್ಪಿಕೊಳ್ಳುತ್ತಾನೆ. ಅವನ ಮಾತನ್ನು ಕೇಳುವಾಗ ತನ್ನ ಬಾಳು ಬಾಳಲು ಯೋಗ್ಯವಲ್ಲವೆನಿಸುತ್ತದೆ, ಅಗಲಿದೊಡನೆ ಜನರ ಜಯಜಯಕಾರಕ್ಕೆ ಮನಸ್ಸು ಸೋಲುತ್ತದೆ, ಆದಕಾರಣ ಅವನಿಂದ ಕಿವಿಮುಚ್ಚಿಕೊಂಡು ಓಡಿಹೋಗುತ್ತೇನೆ ಎಂದು ಹೇಳಿಕೊಳ್ಳುತ್ತಾನೆ. ಸತ್ಯವನ್ನು ಕಾಣದವನ ದುರಂತಕ್ಕಿಂತ, ಕಂಡು ಓಡಿಹೋದವನ ದುರಂತವು ಹೆಚ್ಚಿನದು.

ಸಾಕ್ರೆಟೀಸನು ದೇಹಸಾಧನೆಯ ವಿರೋಧಿಯಾಗಿರಲಿಲ್ಲ. ದೇಹವನ್ನು ದುರ್ಬಲಗೊಳಿಸಿಕೊಂಡ ಒಬ್ಬ ಯುವಕನನ್ನು ಅವನು ತರಾಟೆಗೆ ತೆಗೆದುಕೊಂಡ ಪ್ರಸಂಗವು ಝೆನೊಫನನ ಗ್ರಂಥದಲ್ಲಿದೆ. ಆಲೋಚನೆಗೂ ಆರೋಗ್ಯವಂತ ಶರೀರವು ಬೇಕು, ತನ್ನ ದೇಹದ ಬಲವನ್ನೂ ಚೆಲುವನ್ನೂ ಕಾಣದೆಯೇ ಮುಪ್ಪಾಗುವುದು ನಾಚಿಕೆಗೇಡು ಎಂಬುದು ಅವನ ಅಭಿಪ್ರಾಯವಾಗಿತ್ತು. ಅವನು ಪ್ರಶ್ನಿಸಿದುದು ಸಾಧನೆಯನ್ನಲ್ಲ, ಗೆಲುವೇ ಸದ್ಗುಣವೆಂಬ ಭ್ರಮೆಯನ್ನು.

ಒಲಿಂಪಿಯಾದಲ್ಲಿ ಏಳು ರಥಗಳು

ಕ್ರಿ.ಪೂ. 431ರಲ್ಲಿ ಆರಂಭವಾದ ಅಥೆನ್ಸ್ ಮತ್ತು ಸ್ಪಾರ್ಟಗಳ ಮಹಾಯುದ್ಧವು 421ರ ಒಪ್ಪಂದದಿಂದ ಕೆಲಕಾಲ ತಣ್ಣಗಾಯಿತು. ಆ ಶಾಂತಿಯ ಕೀರ್ತಿಯು ಹಿರಿಯನಾದ ನಿಕಿಯಾಸನಿಗೆ ಸಂದಿತು. ಅದನ್ನು ಸಹಿಸದ ಆಲ್ಸಿಬಿಯಾಡೀಸನು ಕ್ರಿ.ಪೂ. 420ರಲ್ಲಿ ಆರ್ಗಾಸ್, ಮ್ಯಾಂಟಿನಿಯಾ, ಈಲಿಸ್ ರಾಜ್ಯಗಳೊಡನೆ ಅಥೆನ್ಸಿಗೆ ನೂರು ವರ್ಷಗಳ ಮೈತ್ರಿಯನ್ನು ಕುದುರಿಸಿದನು. ಈ ಈಲಿಸ್ ರಾಜ್ಯವೇ ಒಲಿಂಪಿಕ್ ಕ್ರೀಡೆಗಳ ವ್ಯವಸ್ಥಾಪಕ ರಾಜ್ಯ. ಒಪ್ಪಂದವನ್ನು ಕೆತ್ತಿದ ಕಂಚಿನ ಫಲಕವನ್ನು ಒಲಿಂಪಿಯಾದಲ್ಲಿ ನಿಲ್ಲಿಸಬೇಕೆಂದು ಗೊತ್ತಾಯಿತು.

ಅದೇ ವರ್ಷದ ಉತ್ಸವದಲ್ಲಿ ಹಿಂದೆಂದೂ ಆಗದಿದ್ದ ಒಂದು ಘಟನೆ ನಡೆಯಿತು. ಪವಿತ್ರ ಶಾಂತಿಯ ಕಾಲದಲ್ಲಿ ಸ್ಪಾರ್ಟದ ಸೈನ್ಯವು ಆಕ್ರಮಣ ನಡೆಸಿತೆಂದು ಆರೋಪಿಸಿ ಈಲಿಸಿನವರು 2,000 ಮೈನಾಗಳ ದಂಡವನ್ನು ವಿಧಿಸಿದರು. ಸ್ಪಾರ್ಟದವರು ತೆರಲಿಲ್ಲ. ಅವರಿಗೆ ದೇವಾಲಯಪ್ರವೇಶವೂ ಕ್ರೀಡಾಪ್ರವೇಶವೂ ನಿಷಿದ್ಧವಾದವು. ಲೈಕಾಸ್ ಎಂಬ ಸ್ಪಾರ್ಟದ ಗಣ್ಯನು ತನ್ನ ರಥವನ್ನು ಬೇರೊಂದು ರಾಜ್ಯದ ಹೆಸರಿನಲ್ಲಿ ಓಡಿಸಿದನು. ಅದು ಗೆದ್ದಿತು. ತನ್ನದೆಂದು ತೋರಿಸಲು ಅವನು ಕಣಕ್ಕಿಳಿದು ಸಾರಥಿಗೆ ಪಟ್ಟಿಯನ್ನು ಕಟ್ಟಿದಾಗ, ಅಧಿಕಾರಿಗಳು ಅವನನ್ನು ಎಲ್ಲರೆದುರು ಹೊಡೆದರು. ಸ್ಪಾರ್ಟವು ದಂಡೆತ್ತಿ ಬಂದೀತೆಂಬ ಭೀತಿಯಿಂದ ಸಶಸ್ತ್ರ ಸೈನಿಕರ ಕಾವಲಿನಲ್ಲಿ ಉತ್ಸವವು ಮುಗಿಯಿತು. ದೇವರ ಕಣವು ರಾಜಕೀಯದ ಕಣವಾಯಿತು.

ನಾಲ್ಕು ವರ್ಷಗಳ ನಂತರ, ಕ್ರಿ.ಪೂ. 416ರಲ್ಲಿ, ಆಲ್ಸಿಬಿಯಾಡೀಸನು ಸ್ವತಃ ಒಲಿಂಪಿಯಾಕ್ಕೆ ಬಂದನು. ಅವನು ಓಡಲು, ಕುಸ್ತಿಯಾಡಲು ಬಂದವನಲ್ಲ. ದೇಹಬಲದ ಸ್ಪರ್ಧೆಗಳಲ್ಲಿ ಯಾರಿಗೂ ಕಡಿಮೆಯಿಲ್ಲದಿದ್ದರೂ, ಕೀಳುಕುಲದವರೂ ಸಣ್ಣ ಊರಿನವರೂ ಅವುಗಳಲ್ಲಿ ಭಾಗವಹಿಸುತ್ತಾರೆಂದು ಅವುಗಳನ್ನು ತಿರಸ್ಕರಿಸಿ, ಸಿರಿವಂತರಿಗೆ ಮಾತ್ರ ಎಟುಕುವ ಕುದುರೆಗಳ ಸ್ಪರ್ಧೆಯನ್ನು ಆರಿಸಿಕೊಂಡನೆಂದು ಐಸೊಕ್ರಟೀಸನು ಬರೆದ ಭಾಷಣವೊಂದರಲ್ಲಿ ಅವನ ಮಗನೇ ಹೆಮ್ಮೆಯಿಂದ ಹೇಳುತ್ತಾನೆ. ನಾಲ್ಕು ಕುದುರೆಗಳ ರಥಗಳು ಕಣವನ್ನು ಹನ್ನೆರಡು ಸಲ ಸುತ್ತಬೇಕಾಗಿತ್ತು. ತಿರುವುಗಳಲ್ಲಿ ರಥಗಳು ಮುಗುಚಿ ಪ್ರಾಣಾಪಾಯವಾಗುತ್ತಿತ್ತು. ಆದರೆ ಆ ಅಪಾಯವು ಸಾರಥಿಯದು. ಕಿರೀಟವು ಮಾತ್ರ ಕುದುರೆಗಳ ಒಡೆಯನದು.

ಆಲ್ಸಿಬಿಯಾಡೀಸನು ಏಳು ರಥಗಳನ್ನು ಇಳಿಸಿದನು. ಅಲ್ಲಿಯವರೆಗೆ ಯಾವ ಪ್ರಜೆಯೂ, ಯಾವ ಅರಸನೂ ಅಷ್ಟನ್ನು ಇಳಿಸಿರಲಿಲ್ಲ. ಮೊದಲನೆಯ, ಎರಡನೆಯ, ನಾಲ್ಕನೆಯ ಸ್ಥಾನಗಳು ಅವನವಾದವೆಂದು ಇತಿಹಾಸಕಾರನಾದ ಥ್ಯುಸಿಡಿಡೀಸನು ದಾಖಲಿಸಿದ್ದಾನೆ. ನಾಟಕಕಾರ ಯೂರಿಪಿಡೀಸನ ಹೆಸರಿನಲ್ಲಿರುವ ವಿಜಯಗೀತೆಯು ನಾಲ್ಕನೆಯದನ್ನು ಮೂರನೆಯದಾಗಿಸಿತು. ಕವಿಯ ಲೆಕ್ಕದಲ್ಲಿ ಅಷ್ಟು ಔದಾರ್ಯ ಸಹಜವೇ. ಅಥೆನ್ಸಿನ ಆಶ್ರಿತ ರಾಜ್ಯಗಳು ಪೈಪೋಟಿಯಿಂದ ಕಾಣಿಕೆ ಸಲ್ಲಿಸಿದವು. ಎಫೆಸಸಿನವರು ಭವ್ಯವಾದ ಡೇರೆಯನ್ನು ನಿಲ್ಲಿಸಿದರು; ಕೈಯಾಸ್ ದ್ವೀಪದವರು ಕುದುರೆಗಳಿಗೆ ಮೇವನ್ನು ಒದಗಿಸಿದರು; ಲೆಸ್ಬಾಸಿನವರು ಮದ್ಯವನ್ನು ಕಳುಹಿಸಿದರು. ನಗರದ ನಿಯೋಗವು ತಂದಿದ್ದ ಚಿನ್ನದ ಪೂಜಾಪಾತ್ರೆಗಳನ್ನು ಅವನು ತನ್ನ ಭೋಜನಕೂಟಕ್ಕೆ ಸ್ವಂತದವೆಂಬಂತೆ ಬಳಸಿಕೊಂಡನೆಂಬ ಅಪವಾದವೂ ಉಂಟು. ಗೆದ್ದ ರಥಗಳಲ್ಲೊಂದು ಅವನದೇ ಅಲ್ಲವೆಂಬ ದೂರೂ ಹುಟ್ಟಿತು. ಬೇರೊಬ್ಬನಿಗಾಗಿ ಆರ್ಗಾಸಿನಲ್ಲಿ ಕೊಂಡ ತಂಡವನ್ನು ತನ್ನ ಹೆಸರಿನಲ್ಲಿ ಓಡಿಸಿದನೆಂದು ಹೇಳಲಾಯಿತು. ಆ ವ್ಯಾಜ್ಯವು ಅವನ ಮರಣಾನಂತರವೂ ಬೆನ್ನು ಬಿಡದೆ ಅವನ ಮಗನನ್ನು ನ್ಯಾಯಾಲಯಕ್ಕೆಳೆಯಿತು.

ಅದೇ ವರ್ಷ ಅಥೆನ್ಸಿನ ಸೈನ್ಯವು ಮೀಲಾಸ್ ಎಂಬ ಸಣ್ಣ ದ್ವೀಪವನ್ನು ಮುತ್ತಿತು. ಚಳಿಗಾಲದಲ್ಲಿ ದ್ವೀಪವು ಶರಣಾದ ಮೇಲೆ ವಯಸ್ಕರಾದ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಲಾಯಿತು. ಈ ಘೋರ ನಿರ್ಣಯಕ್ಕೆ ಆಲ್ಸಿಬಿಯಾಡೀಸನು ಬೆಂಬಲ ನೀಡಿದನೆಂದು ಪ್ಲೂಟಾರ್ಕನು ಹೇಳುತ್ತಾನೆ. ಒಂದೇ ವರ್ಷದಲ್ಲಿ ಒಲಿಂಪಿಯಾದ ಕಿರೀಟ, ಮೀಲಾಸಿನ ರಕ್ತ. ಕಣದಲ್ಲಿ ಗೆದ್ದುದು ಮನಸ್ಸನ್ನು ಮೃದುಗೊಳಿಸಲಿಲ್ಲ.

ಸಿಸಿಲಿಯ ದಂಡಯಾತ್ರೆ

ಕ್ರಿ.ಪೂ. 415ರಲ್ಲಿ ಸಿಸಿಲಿ ದ್ವೀಪದ ಮೇಲೆ ದಂಡೆತ್ತಿ ಹೋಗಬೇಕೆಂಬ ಪ್ರಶ್ನೆ ಅಥೆನ್ಸಿನ ಜನಸಭೆಯ ಮುಂದೆ ಬಂದಿತು. ಹಿರಿಯ ನಿಕಿಯಾಸನು ಅದು ವಿನಾಶದ ಹಾದಿಯೆಂದು ಎಚ್ಚರಿಸಿದನು. ಕುದುರೆಗಳ ಶೋಕಿಗಾಗಿ ಹಣ ಸುರಿದು, ಆ ವೆಚ್ಚವನ್ನು ಸೇನಾಪತಿಯ ಪದವಿಯಿಂದ ತುಂಬಿಕೊಳ್ಳಲು ಹವಣಿಸುವ ತರುಣನ ಮಾತಿಗೆ ನಗರವನ್ನು ಒತ್ತೆಯಿಡಬಾರದೆಂದು ಕೇಳಿಕೊಂಡನು. ಆಲ್ಸಿಬಿಯಾಡೀಸನು ಎದ್ದು ನಿಂತು ತನ್ನ ನಾಯಕತ್ವದ ಹಕ್ಕಿಗೆ ಮೊದಲು ಮುಂದಿಟ್ಟ ಪ್ರಮಾಣವು ಒಲಿಂಪಿಯಾದ ಏಳು ರಥಗಳು. ಯುದ್ಧದಿಂದ ಅಥೆನ್ಸ್ ಬಡವಾಯಿತೆಂದು ಗ್ರೀಕರು ಭಾವಿಸಿದ್ದಾಗ, ತನ್ನ ವೈಭವವನ್ನು ಕಂಡು ನಗರದ ಬಲವು ಇದ್ದುದಕ್ಕಿಂತ ಹೆಚ್ಚೆಂದು ಅವರು ತಿಳಿಯುವಂತಾಯಿತು ಎಂಬುದು ಅವನ ವಾದ. ಆ ವಾದದಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಕ್ರೀಡೆಯ ಗೆಲುವು ಅಂದಿನ ಗ್ರೀಸಿನಲ್ಲಿ ರಾಜ್ಯದ ಬಲಪ್ರದರ್ಶನವೂ ಆಗಿತ್ತು. ಆದರೆ ರಥ ಗೆದ್ದವನು ರಾಜ್ಯವನ್ನೂ ನಡೆಸಬಲ್ಲನೆಂಬ ತೀರ್ಮಾನಕ್ಕೆ ಆಧಾರವೇನಿತ್ತು? ಸಭೆಯಲ್ಲಿ ಆ ಪ್ರಶ್ನೆಗೆ ಬೆಲೆ ಬರಲಿಲ್ಲ. ಜನರು ಮನಸೋತು ಒಪ್ಪಿದರು. ಕುದುರೆಗಳ ಮೇಲಿನ ಅವನ ಆಸೆಯು ಅವನ ಆದಾಯವನ್ನು ಮೀರಿದ್ದಿತೆಂದೂ, ಅವನ ನಡತೆಯೂ ಅದರಿಂದ ಜನರಲ್ಲಿ ಹುಟ್ಟಿದ ಅಪನಂಬಿಕೆಯೂ ನಗರದ ನಾಶಕ್ಕೆ ಬಹುಮಟ್ಟಿಗೆ ಕಾರಣವಾದವೆಂದೂ ಥ್ಯುಸಿಡಿಡೀಸನು ತೂಗಿ ಬರೆದಿದ್ದಾನೆ.

ನೌಕಾಪಡೆಯು ಹೊರಡುವ ಮುನ್ನ ಒಂದು ರಾತ್ರಿ, ನಗರದ ಬೀದಿಗಳಲ್ಲಿದ್ದ ಹರ್ಮಿಸ್ ದೇವನ ಶಿಲಾಮೂರ್ತಿಗಳನ್ನು ಯಾರೋ ವಿರೂಪಗೊಳಿಸಿದರು. ಆಲ್ಸಿಬಿಯಾಡೀಸನು ಪವಿತ್ರ ರಹಸ್ಯವಿಧಿಗಳನ್ನು ಗೆಳೆಯರ ಕೂಟದಲ್ಲಿ ಅಣಕಿಸಿದನೆಂಬ ದೂರು ಜೊತೆಗೂಡಿತು. ಹೊರಡುವ ಮುನ್ನವೇ ವಿಚಾರಣೆಯಾಗಲೆಂದು ಅವನು ಬೇಡಿದನು. ವೈರಿಗಳು ಬೇಕೆಂದೇ ಮುಂದೂಡಿದರು. ಈ ವಿಷಯದಲ್ಲಿ ಅವನಿಗೆ ಅನ್ಯಾಯವಾಯಿತೆಂಬುದನ್ನು ಒಪ್ಪಬೇಕು. ಅವನು ಸಿಸಿಲಿಯಲ್ಲಿದ್ದಾಗ ಮರಳಿ ಬರುವಂತೆ ಆಜ್ಞೆ ಹೋಯಿತು. ದಾರಿಯಲ್ಲಿ ತಪ್ಪಿಸಿಕೊಂಡ ಅವನಿಗೆ ಅಥೆನ್ಸಿನ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿ ಆಸ್ತಿಯನ್ನು ಹರಾಜು ಹಾಕಿತು.

ಕೊನೆಗೆ ಅವನು ಹೋದುದು ಶತ್ರುವಾದ ಸ್ಪಾರ್ಟಕ್ಕೆ. ಅಲ್ಲಿನ ಒರಟು ಊಟವನ್ನುಂಡು ತಣ್ಣೀರಿನಲ್ಲಿ ಮಿಂದು ಸ್ಪಾರ್ಟದವನೇ ಆದನು. ತಾಯ್ನಾಡನ್ನು ಮುರಿಯುವ ಉಪಾಯಗಳನ್ನು ಹೇಳಿಕೊಟ್ಟನು. ಅವನ ಸಲಹೆಯಂತೆ ಸಿಸಿಲಿಗೆ ಸ್ಪಾರ್ಟದ ಸೇನಾಪತಿಯು ಹೋದನು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಹೊಲಗದ್ದೆಗಳ ನಡುವೆಯೇ ಡಿಸೀಲಿಯಾದಲ್ಲಿ ಶತ್ರುಗಳ ಕೋಟೆ ಎದ್ದಿತು. ಅದೇ ವರ್ಷ ಸಿಸಿಲಿಯ ಮಹಾಸೈನ್ಯವು ಸಂಪೂರ್ಣವಾಗಿ ನಾಶವಾಯಿತು. ಏಳು ಸಾವಿರಕ್ಕೆ ಕಡಿಮೆಯಿಲ್ಲದ ಸೆರೆಯಾಳುಗಳು ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಬಿಸಿಲು, ಹಸಿವು, ದುರ್ಗಂಧಗಳ ನಡುವೆ ನರಳಿದರು. ಯುದ್ಧವನ್ನು ವಿರೋಧಿಸಿದ್ದ ನಿಕಿಯಾಸನು ಅಲ್ಲಿಯೇ ಕೊಲ್ಲಲ್ಪಟ್ಟನು.

ಮರಳಿಕೆ ಮತ್ತು ಅಂತ್ಯ

ಮುಂದಿನ ಹತ್ತು ವರ್ಷಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸ್ಪಾರ್ಟದವರ ಸಂಶಯಕ್ಕೊಳಗಾಗಿ ಪರ್ಷಿಯದ ಪ್ರಾಂತಾಧಿಪತಿಯ ಬಳಿ ಹೋದನು. ಅಲ್ಲಿಂದ ಸೇಮಾಸಿನಲ್ಲಿದ್ದ ಅಥೆನ್ಸಿನ ನೌಕಾಪಡೆಯ ವಿಶ್ವಾಸವನ್ನು ಗಳಿಸಿದನು. ಕ್ರಿ.ಪೂ. 410ರಲ್ಲಿ ಸೈಜಿಕಸ್ ಬಳಿ ನಡೆದ ಯುದ್ಧದಲ್ಲಿ ಮಹಾವಿಜಯವನ್ನು ಪಡೆದು, 407ರಲ್ಲಿ ತಾಯ್ನಾಡಿಗೆ ಮರಳಿದನು. ಶಪಿಸಿದ್ದ ಜನರೇ ಹೂಮಾಲೆಗಳೊಡನೆ ಎದುರುಗೊಂಡರು. ಆದರೆ 406ರಲ್ಲಿ ನೋಶಿಯಮ್ಮಿನಲ್ಲಿ, ಯುದ್ಧಕ್ಕಿಳಿಯಬಾರದೆಂಬ ಅವನ ಆಜ್ಞೆಯನ್ನು ಸಹಾಯಕನು ಮೀರಿದುದರಿಂದ ಸೋಲುಂಟಾಯಿತು. ಜನರ ಮನಸ್ಸು ಮತ್ತೆ ತಿರುಗಿತು. ಅವನು ಥ್ರೇಸಿನ ತೀರದ ತನ್ನ ಕೋಟೆಗೆ ಹೊರಟುಹೋದನು.

ಸುಮಾರು ಇದೇ ಕಾಲದಲ್ಲಿ ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. ರೋಡ್ಸ್ ದ್ವೀಪದ ಡೋರಿಯಸ್ ಎಂಬವನು ಪ್ಯಾಂಕ್ರೇಷಿಯನ್ ಎಂಬ ಕಠಿಣ ಮಲ್ಲಯುದ್ಧದಲ್ಲಿ ಒಲಿಂಪಿಯಾದ ಕಿರೀಟವನ್ನು ಸತತವಾಗಿ ಮೂರು ಸಲ ಗೆದ್ದವನು. ಅಥೆನ್ಸಿನ ಕಡುವೈರಿಯಾಗಿ ಹಡಗುಗಳೊಡನೆ ಹೋರಾಡುತ್ತಿದ್ದ ಅವನು ಸೆರೆಸಿಕ್ಕಿದನು. ಅವನಿಗೆ ಹಿಂದೆಯೇ ಮರಣದಂಡನೆ ವಿಧಿಸಲಾಗಿತ್ತು. ಆದರೆ ಅಂತಹ ಮಹಾಮಲ್ಲನು ಸೆರೆಯಾಳಾಗಿ ನಿಂತುದನ್ನು ಕಂಡೊಡನೆ ಅಥೆನ್ಸಿನವರ ಮನಸ್ಸು ಕರಗಿತು. ಬಿಡುಗಡೆಯ ಹಣವನ್ನೂ ಕೇಳದೆ ಅವನನ್ನು ಬಿಟ್ಟುಬಿಟ್ಟರು. ಸ್ವಂತ ಮೈಯನ್ನು ದಂಡಿಸಿ ಗಳಿಸಿದ ಕಿರೀಟವು ವೈರಿಗಳಲ್ಲಿಯೂ ಮರುಕವನ್ನು ಹುಟ್ಟಿಸಿತು. ಹಣ ಚೆಲ್ಲಿ ಗಳಿಸಿದ ಕಿರೀಟವು ಸ್ವಜನರಲ್ಲಿಯೇ ಸಂಶಯವನ್ನು ಹುಟ್ಟಿಸಿತ್ತು.

ಕ್ರಿ.ಪೂ. 405ರಲ್ಲಿ ಈಗಾಸ್‌ಪೊಟಮಿಯಲ್ಲಿ ಅಥೆನ್ಸಿನ ಹಡಗುಗಳು ಅಪಾಯದ ಸ್ಥಳದಲ್ಲಿ ತಂಗಿರುವುದನ್ನು ಕಂಡು, ಆಲ್ಸಿಬಿಯಾಡೀಸನು ತಾನಾಗಿಯೇ ಬಂದು ಸೇನಾಪತಿಗಳಿಗೆ ಎಚ್ಚರಿಕೆ ಹೇಳಿದನು. ಅವರು ಗದರಿಸಿ ಕಳುಹಿಸಿದರು. ಬದುಕಿನುದ್ದಕ್ಕೂ ಸ್ವಾರ್ಥಕ್ಕಾಗಿ ಮಾತನಾಡಿದವನು ಒಮ್ಮೆ ನಾಡಿಗಾಗಿ ಮಾತನಾಡಿದಾಗ ನಂಬುವವರಿರಲಿಲ್ಲ. ಕೆಲವೇ ದಿನಗಳಲ್ಲಿ ಆ ನೌಕಾಪಡೆ ನಾಶವಾಯಿತು. 404ರಲ್ಲಿ ಅಥೆನ್ಸ್ ಶರಣಾಯಿತು. ಅದರ ಕೋಟೆಗೋಡೆಗಳನ್ನು ಕೊಳಲಿನ ನಾದದೊಡನೆ ಕೆಡವಲಾಯಿತು. ಅದೇ ವರ್ಷ ಫ್ರಿಜಿಯದ ಒಂದು ಹಳ್ಳಿಯಲ್ಲಿ ಆಲ್ಸಿಬಿಯಾಡೀಸನು ತಂಗಿದ್ದ ಮನೆಗೆ ಕೊಲೆಗಾರರು ರಾತ್ರಿಯಲ್ಲಿ ಬೆಂಕಿಯಿಟ್ಟರು. ಕೈಗೆ ಮೇಲುಹೊದಿಕೆಯನ್ನು ಸುತ್ತಿಕೊಂಡು ಕಠಾರಿ ಹಿಡಿದು ಹೊರನುಗ್ಗಿದ ಅವನನ್ನು ಎದುರಿಸಲಾರದೆ, ದೂರದಿಂದಲೇ ಬಾಣಗಳನ್ನೂ ಈಟಿಗಳನ್ನೂ ಎಸೆದು ಕೊಂದರು. ಟಿಮಾಂಡ್ರ ಎಂಬ ಹೆಣ್ಣುಮಗಳು ತನ್ನ ಉಡುಗೆಗಳನ್ನೇ ಹೊದಿಸಿ ಅವನ ಅಂತ್ಯಕ್ರಿಯೆಯನ್ನು ನಡೆಸಿದಳು. ಆಗ ಅವನಿಗೆ ಸುಮಾರು ನಲವತ್ತಾರು ವರ್ಷ. ಏಳು ರಥಗಳ ಒಡೆಯನಿಗೆ ಕೊನೆಗೆ ದೊರೆತುದು ಪರಸ್ಥಳದಲ್ಲಿ ಎರವಲಿನ ಹೊದಿಕೆ.

ಎರಡು ಗೌರವಗಳು

ಕ್ರಿ.ಪೂ. 399ರಲ್ಲಿ, ಯುವಕರನ್ನು ಕೆಡಿಸಿದನೆಂಬ ಆರೋಪದ ಮೇಲೆ ಸಾಕ್ರೆಟೀಸನು ನ್ಯಾಯಾಲಯದಲ್ಲಿ ನಿಂತನು. ಆರೋಪಿಸಿದವರ ಮನಸ್ಸಿನಲ್ಲಿ ಆಲ್ಸಿಬಿಯಾಡೀಸನ ನೆನಪು ಕೆಲಸ ಮಾಡುತ್ತಿದ್ದಿತೆಂದು ಝೆನೊಫನನ ಬರಹದಿಂದ ತಿಳಿಯುತ್ತದೆ. ಶಿಷ್ಯನ ಪಾಪವು ಗುರುವಿನ ಲೆಕ್ಕಕ್ಕೆ ಸೇರಿತು. ಅಪರಾಧಿಯೆಂದು ತೀರ್ಪಾದ ಮೇಲೆ, ತನಗೆ ಯಾವ ಶಿಕ್ಷೆ ತಕ್ಕುದೆಂದು ಹೇಳುವ ಅವಕಾಶವು ಅವನಿಗೆ ಬಂದಿತು. ಒಲಿಂಪಿಯಾದಲ್ಲಿ ರಥ ಗೆದ್ದವರಿಗೆ ಸಲ್ಲುವ ಸಭಾಮಂದಿರದ ಭೋಜನವೇ ತನಗೆ ತಕ್ಕುದೆಂದು ಅವನು ಹೇಳಿದುದಾಗಿ ಪ್ಲೇಟೋ ದಾಖಲಿಸಿದ್ದಾನೆ. ಅವರು ನಿಮ್ಮನ್ನು ಸುಖಿಗಳೆಂದು ತೋರುವಂತೆ ಮಾಡುತ್ತಾರೆ, ತಾನು ಸುಖಿಗಳನ್ನಾಗಿ ಮಾಡಲು ಯತ್ನಿಸಿದೆ, ಅವರಿಗೆ ಆ ಅನ್ನದ ಅಗತ್ಯವೂ ಇಲ್ಲ, ತನಗಿದೆ ಎಂಬುದು ಅವನ ವಾದ. ನಗರವು ವಿಷದ ಬಟ್ಟಲನ್ನು ಕೊಟ್ಟಿತು. ಆ ಮಾತನ್ನಾಡುವಾಗ ತಾನು ಎರಡು ಯುದ್ಧಗಳಲ್ಲಿ ಜೊತೆಗಿದ್ದ, ತಾನು ಪ್ರೀತಿಸಿ ತಿದ್ದಲಾರದೆ ಹೋದ ಆ ರಥವಿಜೇತನ ಮುಖವು ಅವನ ಕಣ್ಣಮುಂದೆ ಸುಳಿದಿರಬೇಕೆಂದು ನನಗೆ ತೋರುತ್ತದೆ.

ಮೂರು ವರ್ಷಗಳ ನಂತರ, ಕ್ರಿ.ಪೂ. 396ರಲ್ಲಿ, ಸ್ಪಾರ್ಟದ ರಾಜ ಅಜೆಸಿಲಾಸನ ತಂಗಿ ಸೈನಿಸ್ಕ ಒಲಿಂಪಿಯಾದ ರಥಸ್ಪರ್ಧೆಯಲ್ಲಿ ಕಿರೀಟವನ್ನು ಪಡೆದ ಮೊದಲ ಮಹಿಳೆಯಾದಳು. ಇಂತಹ ಗೆಲುವು ಸಂಪತ್ತಿನ ಫಲವೇ ಹೊರತು ಪೌರುಷದ ಫಲವಲ್ಲವೆಂದು ತೋರಿಸಿಕೊಡಲು ಅಣ್ಣನೇ ಅವಳನ್ನು ಪ್ರೇರಿಸಿದನೆಂದು ಝೆನೊಫನನು ಹೇಳುತ್ತಾನೆ. ಅಣ್ಣನ ಉದ್ದೇಶ ಏನೇ ಇರಲಿ, ಆಕೆಯ ಕೀರ್ತಿ ಉಳಿಯಿತು.

ಆಲ್ಸಿಬಿಯಾಡೀಸನ ಚರಿತ್ರೆಯನ್ನೋದಿ ಕ್ರೀಡೆಯನ್ನು ಹಳಿಯುವುದು ತಪ್ಪಾಗುತ್ತದೆ. ಕ್ರೀಡೆಯು ಅವನನ್ನು ಕೆಡಿಸಲಿಲ್ಲ. ಕ್ರೀಡೆಯು ಕಲಿಸುವ ನಿಯಮಪಾಲನೆ, ಸಹನೆ, ಸೋಲಿನ ಒಪ್ಪಿಗೆ ಇವುಗಳನ್ನು ಬದಿಗಿಟ್ಟು ಅದರ ಕಿರೀಟವನ್ನು ಮಾತ್ರ ಅವನು ಬಯಸಿದನು. ಅವನ ನಗರವೂ ಕಿರೀಟವನ್ನೇ ಮನ್ನಿಸಿ ಮನುಷ್ಯನನ್ನು ಪರೀಕ್ಷಿಸಲಿಲ್ಲ. ದೋಷವು ಇಬ್ಬರಲ್ಲಿಯೂ ಇದೆ. ನಮ್ಮ ಶಾಲೆಗಳಲ್ಲಿಯೂ ವರ್ಷಕ್ಕೊಮ್ಮೆ ಮಕ್ಕಳಿಗೆ ಬಹುಮಾನಗಳನ್ನು ಹಂಚುತ್ತೇವೆ. ಗೆದ್ದವರ ಹೆಸರನ್ನು ಫಲಕಗಳಲ್ಲಿ ಬರೆಸುತ್ತೇವೆ. ಅದು ಆಗಬೇಕಾದುದೇ. ಆದರೆ ಕುಸ್ತಿಯ ಕಣದಲ್ಲಿ ಹುಡುಗನೊಬ್ಬನು ಎದುರಾಳಿಯ ಕೈಯನ್ನು ಕಚ್ಚಿದ ಆ ಕ್ಷಣದಲ್ಲಿ, ಅವನ ಜಾಣ ಉತ್ತರಕ್ಕೆ ನಗದೆ, ಹತ್ತಿರ ಕರೆದು ತಿದ್ದುವ ಒಬ್ಬರು ಅಲ್ಲಿರಬೇಕು. ದಾನಿಗಳು ಕಟ್ಟಿಸಿದ ಮೈದಾನವಾಗಲಿ, ಅಧ್ಯಾಪಕರು ಬೆವರಿಳಿಸಿ ಕಲಿಸಿದ ಆಟವಾಗಲಿ ಸಾರ್ಥಕವಾಗುವುದು ಆಗಲೇ. ಝೊಪಿರಸನಂತಹ ನಿರುಪಯೋಗಿ ಕಾವಲುಗಾರನ ಕೈಗೆ ಮಗುವನ್ನೊಪ್ಪಿಸಿ, ಬೆಳೆದ ಮೇಲೆ ಸಾಕ್ರೆಟೀಸನು ಸಿಕ್ಕರೂ ಹೊತ್ತು ಮೀರಿರುತ್ತದೆ ಎಂಬುದೇ ಈ ಬಾಳಿನಿಂದ ನಾವು ಅರಿಯಬೇಕಾದ ಮಾತು.